ಎರಡು ಡಯೋಡ್ ಹಾಕಿದರೆ ಬೂಸ್ಟ್ ಪೆಡಲ್ ಓವರ್‌ಡ್ರೈವ್ ಆಗುತ್ತಾ?

ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಸಿಗಿಸುವ, ಸದ್ದನ್ನು ಬರೀ ಜೋರು ಮಾಡುವ ಬೂಸ್ಟ್ ಪೆಡಲ್ ಅನ್ನುವ ಡಬ್ಬಿ ಒಂದಿದೆ ಅಂದುಕೊಳ್ಳಿ. ಅದರೊಳಗೆ ಎರಡು ಪುಟ್ಟ ಡಯೋಡ್ ಬೆಸುಗೆ ಹಾಕಿಬಿಟ್ಟರೆ ಸದ್ದನ್ನು ಒರಟಾಗಿಸುವ ಓವರ್‌ಡ್ರೈವ್ ಪೆಡಲ್ ರೆಡಿ ಅನ್ನೋ ಮಾತು ಗಿಟಾರ್ ನುಡಿಸುವವರ ಕಿವಿಗೆ ಒಂದಲ್ಲ ಒಂದು ಸಲ ಬಿದ್ದೇ ಇರುತ್ತದೆ. ಮಾತು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಅವೇ ಎರಡು ಡಯೋಡ್ ಒಂದು ಜಾಗದಲ್ಲಿ ಕೂತರೆ ಹದವಾದ ಒರಟು ಸದ್ದು ಕೊಡುತ್ತವೆ. ಇನ್ನೊಂದು ಜಾಗದಲ್ಲಿ ಕೂತರೆ ಕರ್ರನೆ ಕೊರೆಯುತ್ತವೆ. ಮತ್ತೊಂದು ಜಾಗದಲ್ಲಿ ಕೂತರೆ ಪೆಡಲ್ ಬಾಯಿಯನ್ನೇ ಮುಚ್ಚಿಸುತ್ತವೆ.

ಡಯೋಡ್ ಯಾವ ಕಾಲದ್ದು, ಯಾವ ನಂಬರಿನದು ಅಂತ ಜನ ತಲೆ ಕೆಡಿಸಿಕೊಳ್ಳುವುದೇ ಜಾಸ್ತಿ. ಆದರೆ ಸದ್ದನ್ನು ಹೆಚ್ಚಾಗಿ ತೀರ್ಮಾನಿಸುವುದು ಬೇರೆ ಎರಡು ವಿಷಯ. ಡಯೋಡ್ ಸರ್ಕ್ಯೂಟಿನಲ್ಲಿ ಎಲ್ಲಿ ಕೂತಿದೆ? ಅಲ್ಲಿಗೆ ಬರುವ ಸಿಗ್ನಲ್ ಎಷ್ಟು ದೊಡ್ಡದು? ಎಲೆಕ್ಟ್ರಾನಿಕ್ಸ್ ಓದದವರಿಗೂ ಇದು ಅರ್ಥವಾಗುವಂಥದ್ದೇ. ಬುಡದಿಂದ ಶುರು ಮಾಡೋಣ.

## ತಂತಿಯಿಂದ ಪೆಡಲ್‌ವರೆಗೆ

ಗಿಟಾರಿನ ಪಿಕಪ್ ಅಂದರೆ ಆಯಸ್ಕಾಂತ ಮತ್ತು ಅದರ ಸುತ್ತ ಸುತ್ತಿದ ತೆಳು ತಾಮ್ರದ ತಂತಿ. ಮೇಲೆ ಉಕ್ಕಿನ ತಂತಿ ನಡುಗಿದಾಗ ಸುರುಳಿಯಲ್ಲಿ ಚೂರೇ ಚೂರು ವೋಲ್ಟೇಜ್ ಹುಟ್ಟುತ್ತದೆ. ಅದು ಪ್ಲಸ್ ಕಡೆಗೊಮ್ಮೆ, ಮೈನಸ್ ಕಡೆಗೊಮ್ಮೆ ತೂಗಾಡುತ್ತದೆ. ಎ ತಂತಿಯನ್ನು ಹಾಗೇ ಮೀಟಿದರೆ ಸೆಕೆಂಡಿಗೆ 110 ಸಲ. ಮೆಲ್ಲಗೆ ಮೀಟಿದರೆ ಕೆಲವು ಹತ್ತು ಮಿಲಿವೋಲ್ಟ್ ಬರುತ್ತದೆ. ಹಂಬಕರ್ ಅನ್ನುವ ಎರಡು ಸುರುಳಿಯ ಪಿಕಪ್ ಇರುವ ಗಿಟಾರಿನಲ್ಲಿ ಜೋರಾಗಿ ಬಾರಿಸಿದರೆ ಅರ್ಧ ವೋಲ್ಟ್ ದಾಟುವುದೂ ಉಂಟು.

ಬೂಸ್ಟ್ ಪೆಡಲ್ ಈ ಅಲೆಯ ಆಕಾರವನ್ನು ಮುಟ್ಟುವುದಿಲ್ಲ, ಎತ್ತರವನ್ನಷ್ಟೇ ಹೆಚ್ಚಿಸುತ್ತದೆ. ಆ ಕೆಲಸಕ್ಕೆ ಒಳಗೆ ಒಂದು ಟ್ರಾನ್ಸಿಸ್ಟರ್ ಇರುತ್ತದೆ, ಇಲ್ಲವೇ ಆಪ್-ಆಂಪ್ ಅನ್ನುವ ಎಂಟು ಕಾಲಿನ ಚಿಪ್. ಎಷ್ಟು ಪಟ್ಟು ಹೆಚ್ಚಿಸುತ್ತದೆ ಅನ್ನೋದೇ ಗೇನ್. ಎಂಎಕ್ಸ್‌ಆರ್ ಮೈಕ್ರೋ ಆಂಪ್ ಅನ್ನುವ ಹೆಸರುವಾಸಿ ಬೂಸ್ಟ್ 26 ಡೆಸಿಬೆಲ್‌ವರೆಗೆ, ಅಂದರೆ ಸುಮಾರು 20 ಪಟ್ಟು ಹೆಚ್ಚಿಸಬಲ್ಲದು.

ಇನ್ನೊಂದು ಸಂಗತಿ ಈಗಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಪೆಡಲ್‌ಗೆ ಕೊಡುವುದು ಸಾಮಾನ್ಯವಾಗಿ 9 ವೋಲ್ಟ್. ಅಲೆ ಮೇಲೂ ಹೋಗಬೇಕು, ಕೆಳಗೂ ಬರಬೇಕು. ಆದ್ದರಿಂದ ಆಪ್-ಆಂಪ್ ಸಿಗ್ನಲ್ಲನ್ನು ಸೊನ್ನೆಯ ಮೇಲೆ ಕೂರಿಸುವುದಿಲ್ಲ. ನಡುಮಧ್ಯೆ, 4.5 ವೋಲ್ಟ್ ಮೇಲೆ ಕೂರಿಸಿಕೊಳ್ಳುತ್ತದೆ. ಹೊರಗೆ ಹೋಗುವ ಮುಂಚೆ ಒಂದು ಕೆಪಾಸಿಟರ್ ಆ 4.5 ವೋಲ್ಟನ್ನು ತಡೆದು ಅಲೆಯನ್ನು ಮಾತ್ರ ಆಚೆ ಬಿಡುತ್ತದೆ.

## ತುದಿ ಹೋದ ಅಲೆ

ಅಲೆಯ ಮೇಲಿನ ಮತ್ತು ಕೆಳಗಿನ ತುದಿ ಒಂದು ಎತ್ತರಕ್ಕಿಂತ ಆಚೆ ಹೋಗದೆ ಚಪ್ಪಟೆಯಾದರೆ ಅದಕ್ಕೆ ಕ್ಲಿಪ್ಪಿಂಗ್ ಅನ್ನುತ್ತಾರೆ. ಓವರ್‌ಡ್ರೈವ್, ಡಿಸ್ಟಾರ್ಷನ್, ಫಜ್ ಎಲ್ಲದರ ಒಳಗುಟ್ಟು ಇದೇ. ತುದಿ ದುಂಡಗೆ ತಗ್ಗಿದರೆ ಓವರ್‌ಡ್ರೈವ್, ಚಾಕುವಿನಲ್ಲಿ ಕೊಯ್ದ ಹಾಗಿದ್ದರೆ ಡಿಸ್ಟಾರ್ಷನ್, ಅಲೆ ಹೆಚ್ಚುಕಡಿಮೆ ಚೌಕವಾಗಿ ಹೋದರೆ ಫಜ್. ಇವುಗಳ ನಡುವೆ ಗಟ್ಟಿ ಗೆರೆಯೇನೂ ಇಲ್ಲ.

ಮೊದಮೊದಲು ಇದು ತೊಂದರೆ ಅನಿಸಿಕೊಂಡಿತ್ತು. ಆಂಪ್ಲಿಫೈಯರ್ ತಡೆಯಲಾರದಷ್ಟು ಜೋರು ಮಾಡಿದಾಗ ಬರುವ ಕೆಟ್ಟ ಸದ್ದು ಅಷ್ಟೇ. ಆಮೇಲೆ ಜನರಿಗೆ ಅದೇ ಹಿಡಿಸಿತು. 1962ರಲ್ಲಿ ಮ್ಯಾಸ್ಟ್ರೋ ಎಫ್‌ಜೆಡ್-1 ಅನ್ನುವ ಫಜ್ ಪೆಡಲ್ ಬಂತು. 1964ರಲ್ಲಿ ದ ಕಿಂಕ್ಸ್ ತಂಡದ ಡೇವ್ ಡೇವಿಸ್ ಆ ಸದ್ದಿಗಾಗಿ ತನ್ನ ಆಂಪ್‌ನ ಸ್ಪೀಕರ್ ಕಾಗದವನ್ನೇ ಬ್ಲೇಡಿನಿಂದ ಸೀಳಿದ್ದ. ಡಯೋಡ್ ಹಾಕುವುದು ಅದಕ್ಕಿಂತ ಅಗ್ಗದ ಕೆಲಸ ಬಿಡಿ.

ತುದಿ ಚಪ್ಪಟೆಯಾದರೆ ಕಿವಿಗೆ ಯಾಕೆ ಒರಟಾಗಿ ಕೇಳುತ್ತದೆ? ಆಕಾರ ಬದಲಾದ ಕೂಡಲೇ ಮೊದಲು ಇಲ್ಲದಿದ್ದ ಹೊಸ ಸ್ವರಗಳು ಹುಟ್ಟುತ್ತವೆ. 110 ಹರ್ಟ್ಸ್‌ನ ಸ್ವಚ್ಛ ಅಲೆಯ ಎರಡೂ ತುದಿಯನ್ನು ಸಮನಾಗಿ ಕತ್ತರಿಸಿದರೆ ಅದರ ಮೂರು, ಐದು, ಏಳು ಪಟ್ಟು, ಅಂದರೆ 330, 550, 770 ಹರ್ಟ್ಸ್‌ ಸೇರಿಕೊಳ್ಳುತ್ತವೆ. ಮೇಲೊಂದು ಅಳತೆ, ಕೆಳಗೊಂದು ಅಳತೆಯಲ್ಲಿ ಕತ್ತರಿಸಿದರೆ 220, 440 ಕೂಡ ಬರುತ್ತವೆ. ಬಾಸ್ ಕಂಪನಿಯ 1981ರ ಎಸ್‌ಡಿ-1 ಪೆಡಲ್ ಮಾಡುವುದು ಈ ಎರಡನೆಯದನ್ನು: ಒಂದು ಕಡೆಗೆ ಎರಡು ಡಯೋಡ್, ಇನ್ನೊಂದು ಕಡೆಗೆ ಒಂದೇ.

ಎರಡು ತಂತಿ ಒಟ್ಟಿಗೆ ಬಾರಿಸಿದಾಗ ಆಟ ಇನ್ನೂ ಮಜವಾಗುತ್ತದೆ. ಕ್ಲಿಪ್ಪಿಂಗ್ ಆದಾಗ ಎರಡು ಸ್ವರಗಳ ಮೊತ್ತ ಮತ್ತು ವ್ಯತ್ಯಾಸ ಕೂಡ ಸ್ವರಗಳಾಗಿ ಕೇಳತೊಡಗುತ್ತವೆ. 110 ಹರ್ಟ್ಸ್ ಜೊತೆ ಅದರ ಪಂಚಮ, ಸುಮಾರು 165. ವ್ಯತ್ಯಾಸ 55, ಅಂದರೆ ಅದೇ ಎ ಸ್ವರ ಒಂದು ಸ್ಥಾಯಿ ಕೆಳಗೆ. ಚೆನ್ನಾಗಿ ಕೂರುತ್ತದೆ. ಈಗ ಮೇಜರ್ ಕಾರ್ಡಿನ ಗಾಂಧಾರ ಸೇರಿಸಿ. ಗಿಟಾರಿನ ಮೆಟ್ಟಿಲುಗಳ ಲೆಕ್ಕದಲ್ಲಿ ಅದು ಸುಮಾರು 138.6. ವ್ಯತ್ಯಾಸ 28.6 ಹರ್ಟ್ಸ್. ಎ ಸ್ವರಕ್ಕೆ ಸರಿಹೊಂದಲು 27.5 ಇರಬೇಕಿತ್ತು. ಆ ಚೂರು ತಪ್ಪೇ ಗುಂಯ್‌ಗುಟ್ಟುತ್ತದೆ. ಡಿಸ್ಟಾರ್ಷನ್ ಹಾಕಿಕೊಂಡವರು ಪೂರ್ತಿ ಕಾರ್ಡ್ ಬಿಟ್ಟು ಬರೀ ಷಡ್ಜ-ಪಂಚಮದ ಪವರ್ ಕಾರ್ಡ್ ಹಿಡಿಯುವುದು ಇದಕ್ಕೇ.

## ಡಯೋಡ್ ಮಾಡುವುದೇನು

ನೀರಿನ ಟ್ಯಾಂಕಿಗೆ ಮೇಲ್ಭಾಗದಲ್ಲಿ ಒಂದು ಓವರ್‌ಫ್ಲೋ ಪೈಪ್ ಇರುತ್ತದಲ್ಲ, ಡಯೋಡ್ ಹಾಗೆ. ನೀರು ಪೈಪಿನ ಮಟ್ಟ ಮುಟ್ಟುವವರೆಗೆ ಆ ಪೈಪ್ ಇದ್ದೂ ಇಲ್ಲದಂತೆ. ಮುಟ್ಟಿದ ಮೇಲೆ ಎಷ್ಟು ಸುರಿದರೂ ನೀರು ಆಚೆ ಹರಿದುಹೋಗುತ್ತದೆ, ಮಟ್ಟ ಅಷ್ಟಕ್ಕಷ್ಟೇ. ಪೈಪ್ ಎಷ್ಟು ಎತ್ತರದಲ್ಲಿದೆ ಅನ್ನೋದು ಡಯೋಡಿನ ಜಾತಿ ಮೇಲೆ ನಿಂತಿದೆ. ಜರ್ಮೇನಿಯಂ ಡಯೋಡ್ ಸುಮಾರು 0.2ರಿಂದ 0.3 ವೋಲ್ಟ್‌ಗೇ ಬಿಟ್ಟುಕೊಡುತ್ತದೆ. ಸಿಲಿಕಾನ್ 0.6ರ ಆಸುಪಾಸು. ಕೆಂಪು ಎಲ್‌ಇಡಿ 1.7ರ ಹತ್ತಿರ, ನೀಲಿ ಅಥವಾ ಬಿಳಿ ಎಲ್‌ಇಡಿ 3 ವೋಲ್ಟ್ ಹತ್ತಿರ. ಹೌದು, ಎಲ್‌ಇಡಿ ಕೂಡ ಡಯೋಡೇ.

ಡಯೋಡ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಅಲೆಗೆ ಎರಡು ತುದಿ ಇರುವುದರಿಂದ ಎರಡು ಡಯೋಡ್ ಬೇಕು, ಒಂದರ ತಲೆ ಇನ್ನೊಂದರ ಕಾಲಿನ ಕಡೆ ಇರುವ ಹಾಗೆ.

ಈಗ ಲೆಕ್ಕ ಹಾಕಿ. ಪಿಕಪ್‌ನಿಂದ 0.1 ವೋಲ್ಟ್ ಬರುತ್ತಿದೆ, ಗೇನ್ 20. ಸಿಗ್ನಲ್ 2 ವೋಲ್ಟ್ ಆಯಿತು. ಸಿಲಿಕಾನ್ ಡಯೋಡ್ ಅದನ್ನು 0.6ಕ್ಕೆ ತಡೆಯುತ್ತದೆ, ಒಳ್ಳೆಯ ಕ್ಲಿಪ್ಪಿಂಗ್. ಕೆಂಪು ಎಲ್‌ಇಡಿ ತುದಿಯನ್ನು ಸ್ವಲ್ಪ ಸವರುತ್ತದೆ. ನೀಲಿ ಎಲ್‌ಇಡಿಗೆ ಏನೂ ಸಿಗುವುದಿಲ್ಲ. ಗೇನನ್ನು 5ಕ್ಕೆ ಇಳಿಸಿದರೆ ಸಿಗ್ನಲ್ ಬರೀ 0.5 ವೋಲ್ಟ್, ಸಿಲಿಕಾನ್ ಕೂಡ ಹೆಚ್ಚುಕಡಿಮೆ ಸುಮ್ನೆ ಕೂತಿರುತ್ತದೆ. ಡಯೋಡ್ ಹಾಕಿದೆ, ವ್ಯತ್ಯಾಸವೇ ಗೊತ್ತಾಗಲಿಲ್ಲ ಅನ್ನುವವರ ಪೆಡಲ್‌ನಲ್ಲಿ ಬಹುತೇಕ ಆಗಿರುವುದು ಇಷ್ಟೇ. ಡಯೋಡಿನಲ್ಲಿ ತಪ್ಪಿಲ್ಲ, ಗೇನ್ ಸಾಲದು.

ಈ ಮಿತಿಗಳು ಗೋಡೆಯಂತೆ ನೆಟ್ಟಗಿಲ್ಲ. ಸಿಲಿಕಾನ್ 0.4 ವೋಲ್ಟ್‌ನಿಂದಲೇ ಸ್ವಲ್ಪ ಸ್ವಲ್ಪ ಸೋರಲು ಶುರುಮಾಡುತ್ತದೆ. ಪೆಡಲ್‌ಗಳಲ್ಲಿ ಸಿಗುವ ಸಣ್ಣ ಡಯೋಡಿನಲ್ಲಿ ಕರೆಂಟ್ ಹತ್ತು ಪಟ್ಟು ಹೆಚ್ಚಿದರೆ ವೋಲ್ಟೇಜ್ ಏರುವುದು ಸುಮಾರು 0.1 ವೋಲ್ಟ್ ಮಾತ್ರ. ತುದಿ ದುಂಡಗಾಗುವುದು ಈ ಗುಣದಿಂದ.

## ಎಲ್ಲಿ ಕೂರಿಸುವುದು

ಜಾಗ ಮುಖ್ಯವಾಗಿ ಎರಡು.

ಮೊದಲನೆಯದು ಸಿಗ್ನಲ್ ಹೊರಗೆ ಹೋಗುವ ದಾರಿಯಿಂದ ಗ್ರೌಂಡ್‌ಗೆ, ಅಂದರೆ ಸರ್ಕ್ಯೂಟಿನ ಸೊನ್ನೆ ವೋಲ್ಟ್ ತಂತಿಗೆ. ಇದನ್ನು ಹಾರ್ಡ್ ಕ್ಲಿಪ್ಪಿಂಗ್ ಅನ್ನುತ್ತಾರೆ. ಮಿತಿ ದಾಟಿದ್ದೆಲ್ಲ ನೇರ ನೆಲಕ್ಕೆ ಹೋಗುತ್ತದೆ. ಎಂಎಕ್ಸ್‌ಆರ್ ಡಿಸ್ಟಾರ್ಷನ್ ಪ್ಲಸ್ ಹೀಗೆ ಜರ್ಮೇನಿಯಂ ಹಾಕಿಕೊಂಡಿದೆ, ಪ್ರೋಕೋ ರ‍್ಯಾಟ್ ಸಿಲಿಕಾನ್ ಹಾಕಿಕೊಂಡಿದೆ. ಇಲ್ಲಿ ಎರಡು ಎಚ್ಚರ ಬೇಕು. ಡಯೋಡ್‌ಗಳು ಔಟ್‌ಪುಟ್ ಕೆಪಾಸಿಟರ್ ಆದಮೇಲೆ ಬರಬೇಕು. ಅದಕ್ಕೆ ಮುಂಚೆ ಹಾಕಿದರೆ ಅಲ್ಲಿ 4.5 ವೋಲ್ಟ್ ಸದಾ ನಿಂತಿರುತ್ತದಲ್ಲ, ಡಯೋಡ್ ಯಾವಾಗಲೂ ತೆರೆದೇ ಇರುತ್ತದೆ. ಸದ್ದು ಸತ್ತುಹೋಗುತ್ತದೆ, ಇಲ್ಲವೇ ಬರ್ ಬರ್ ಅಂತ ಕೆಟ್ಟದಾಗಿ ಒದರುತ್ತದೆ. ಎರಡನೆಯದಾಗಿ, ಡಯೋಡ್‌ಗಳಿಗೆ ಮುಂಚೆ ಸಿಗ್ನಲ್ ದಾರಿಯಲ್ಲಿ ಕರೆಂಟಿಗೆ ತಡೆ ಒಡ್ಡುವ ಒಂದು ರೆಸಿಸ್ಟರ್ ಇರಬೇಕು. 1ರಿಂದ 10 ಕಿಲೋಓಮ್ ನಡುವೆ ಯಾವುದಾದರೂ ನಡೆಯುತ್ತದೆ. ಅದಿಲ್ಲದಿದ್ದರೆ ಆಪ್-ಆಂಪ್ ಡಯೋಡ್‌ಗಳ ಜೊತೆ ಜಗ್ಗಾಟಕ್ಕೆ ನಿಲ್ಲುತ್ತದೆ.

ಎರಡನೆಯ ಜಾಗ ಆಪ್-ಆಂಪ್‌ನ ಫೀಡ್‌ಬ್ಯಾಕ್ ದಾರಿ. ಆಪ್-ಆಂಪ್ ತನ್ನ ಔಟ್‌ಪುಟ್ಟಿನ ಒಂದು ಪಾಲನ್ನು ತನ್ನ ಮೈನಸ್ ಇನ್‌ಪುಟ್ಟಿಗೆ ವಾಪಸ್ ಕೊಟ್ಟುಕೊಂಡು ಗೇನನ್ನು ಹಿಡಿತದಲ್ಲಿ ಇಟ್ಟುಕೊಳ್ಳುತ್ತದೆ. ಆ ವಾಪಸ್ ದಾರಿಯಲ್ಲಿರುವ ರೆಸಿಸ್ಟರಿಗೆ ಅಡ್ಡಲಾಗಿ, ಅಂದರೆ ಅದರ ಎರಡು ತುದಿಗಳ ನಡುವೆ, ಡಯೋಡ್‌ಗಳನ್ನು ಹಾಕಿದರೆ ಸಿಗ್ನಲ್ ದೊಡ್ಡದಾದಾಗ ಡಯೋಡ್ ತೆರೆದುಕೊಂಡು ಗೇನನ್ನೇ ತಗ್ಗಿಸಿಬಿಡುತ್ತದೆ. ಐಬನೇಜ್ ಟ್ಯೂಬ್ ಸ್ಕ್ರೀಮರ್ ಮಾಡುವುದು ಇದನ್ನೇ. ಇದು ಸಾಫ್ಟ್ ಕ್ಲಿಪ್ಪಿಂಗ್.

ಇದರಲ್ಲಿ ಒಂದು ಸೊಗಸಿದೆ. ಟ್ಯೂಬ್ ಸ್ಕ್ರೀಮರ್‌ನಂಥ ಸರ್ಕ್ಯೂಟಿನಲ್ಲಿ ಗಿಟಾರ್ ಸಿಗ್ನಲ್ ಚಿಪ್ಪಿನ ಪ್ಲಸ್ ಇನ್‌ಪುಟ್ ಕಾಲಿಗೆ ಬರುತ್ತದೆ. ಅಂಥ ಸರ್ಕ್ಯೂಟಿನ ಗೇನ್ ಎಷ್ಟೇ ಇಳಿದರೂ 1ಕ್ಕಿಂತ ಕೆಳಗೆ ಹೋಗುವುದಿಲ್ಲ. ಅಂದರೆ ಡಯೋಡ್ ಪೂರ್ತಿ ತೆರೆದಾಗಲೂ ಮೂಲ ಸಿಗ್ನಲ್ ಹಾಗೇ ದಾಟಿಬರುತ್ತದೆ. ಗಿಟಾರಿನಿಂದ 0.2 ವೋಲ್ಟ್ ಬಂದರೆ ಹೊರಗೆ 0.6 ಕ್ಲಿಪ್ ಆದದ್ದು, ಅದರ ಮೇಲೆ 0.2 ಸ್ವಚ್ಛವಾದದ್ದು, ಒಟ್ಟು ಸುಮಾರು 0.8. ಹಾಗಾಗಿ ಬೆರಳಿನ ಏರಿಳಿತ ಪೂರ್ತಿ ಅಳಿಸಿಹೋಗುವುದಿಲ್ಲ, ಮೆಲ್ಲಗೆ ಮೀಟಿದ್ದು ಜೋರಾಗಿ ಮೀಟಿದ್ದು ಬೇರೆ ಬೇರೆಯಾಗೇ ಕೇಳುತ್ತದೆ. ಸಿಗ್ನಲ್ ಮೈನಸ್ ಕಾಲಿಗೆ ಬರುವ ಸರ್ಕ್ಯೂಟ್ ಆದರೆ ಈ ಸೊಗಸು ಇರುವುದಿಲ್ಲ. ಅಲ್ಲಿ ಫೀಡ್‌ಬ್ಯಾಕ್ ಡಯೋಡ್ ಕೂಡ ಹಾರ್ಡ್ ಕ್ಲಿಪ್ಪಿಂಗ್‌ನಂತೆಯೇ ಕೇಳುತ್ತದೆ.

ಫೀಡ್‌ಬ್ಯಾಕ್ ದಾರಿಯ ಎರಡೂ ತುದಿ 4.5 ವೋಲ್ಟ್‌ನಲ್ಲೇ ಇರುವುದರಿಂದ ಇಲ್ಲಿ ಮೇಲೆ ಹೇಳಿದ ಕೆಪಾಸಿಟರ್ ತಾಪತ್ರಯವೂ ಇಲ್ಲ. ಮೊದಲ ಸಲ ಕೈ ಹಾಕುವವರಿಗೆ ನಾನು ಹೇಳುವುದು ಈ ಜಾಗವನ್ನೇ. ಟ್ರಾನ್ಸಿಸ್ಟರ್ ಬೂಸ್ಟ್ ಆದರೆ ಮಾತು ಬೇರೆ. ಅದರ ಕಲೆಕ್ಟರ್ ಮತ್ತು ಬೇಸ್ ಅನ್ನುವ ಕಾಲುಗಳು ಬೇರೆ ಬೇರೆ ವೋಲ್ಟೇಜಿನಲ್ಲಿ ಇರುತ್ತವೆ. ಅವುಗಳ ನಡುವೆ ಡಯೋಡ್ ಹಾಕುವುದಾದರೆ ಜೊತೆಗೆ ಸರಣಿಯಲ್ಲಿ ಒಂದು ಕೆಪಾಸಿಟರ್ ಬೇಕೇ ಬೇಕು. ಬಿಗ್ ಮಫ್ ಪೆಡಲ್‌ನಲ್ಲಿ ಹಾಗೇ ಇದೆ.

## ಮಂದ್ರ ಯಾಕೆ ಕಲಸಿಹೋಗುತ್ತದೆ

ಬೂಸ್ಟ್ ಪೆಡಲ್ ಮಂದ್ರದಿಂದ ತಾರದವರೆಗೆ ಎಲ್ಲವನ್ನೂ ಒಂದೇ ಸಮ ಹೆಚ್ಚಿಸುತ್ತದೆ. ಗಿಟಾರಿನಲ್ಲಿ ದಪ್ಪ ತಂತಿಗಳ ಅಲೆಯೇ ದೊಡ್ಡದು. ಡಯೋಡಿಗೆ ಮೊದಲು ಬಡಿಯುವುದೂ ಅದೇ. ಮಂದ್ರ ಕ್ಲಿಪ್ ಆಗಿ ಬೇರೆಲ್ಲವನ್ನೂ ಎಳೆದುಕೊಂಡು ಹೋದರೆ ಸದ್ದು ಬುರುಬುರು ಅನ್ನುತ್ತದೆ. ಡಯೋಡ್ ಹಾಕಿ ಬೇಸರಪಟ್ಟು ತೆಗೆದವರ ದೂರು ಹೆಚ್ಚಾಗಿ ಇದೇ.

ಟ್ಯೂಬ್ ಸ್ಕ್ರೀಮರ್ ಇದಕ್ಕೆ ಮಾಡಿಕೊಂಡ ಉಪಾಯ ಸರಳ. ಗೇನ್ ತೀರ್ಮಾನಿಸುವ ರೆಸಿಸ್ಟರ್ 4.7 ಕಿಲೋಓಮ್, ಅದರ ಜೊತೆ ಸರಣಿಯಲ್ಲಿ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್. ಈ ಜೋಡಿ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನದಕ್ಕೆ ಗೇನನ್ನು ಕ್ರಮೇಣ ಕಡಿಮೆ ಮಾಡುತ್ತದೆ. ಮಂದ್ರ ಕ್ಲಿಪ್ ಆಗದೆ ಹಾಗೇ ದಾಟುತ್ತದೆ, ಮಧ್ಯದ ಸ್ವರಗಳು ಮಾತ್ರ ಉರಿಯುತ್ತವೆ. ನಿಮ್ಮ ಬೂಸ್ಟ್‌ನಲ್ಲೂ ಈ ಜಾಗದಲ್ಲಿ ಒಂದು ದೊಡ್ಡ ಕೆಪಾಸಿಟರ್ ಇರುತ್ತದೆ. ಅದನ್ನು ಚಿಕ್ಕದು ಮಾಡಿ. 4.7 ಕಿಲೋಓಮ್ ಜೊತೆ 0.1 ಮೈಕ್ರೋಫ್ಯಾರಡ್ ಹಾಕಿದರೆ ಗಡಿ ಸುಮಾರು 340 ಹರ್ಟ್ಸ್‌ಗೆ ಬರುತ್ತದೆ, ಮೈ ಸ್ವಲ್ಪ ತುಂಬಿಕೊಂಡಿರುತ್ತದೆ. ರೆಸಿಸ್ಟರ್ ಬೇರೆಯಿದ್ದರೆ ಗಡಿಯೂ ಬೇರೆ. ಎರಡರ ಗುಣಲಬ್ಧ ಚಿಕ್ಕದಾದಷ್ಟೂ ಗಡಿ ಮೇಲೇರುತ್ತದೆ.

ನನ್ನ ಮಟ್ಟಿಗೆ ಡಯೋಡ್ ಜಾತಿ ಬದಲಿಸುವುದಕ್ಕಿಂತ ಈ ಒಂದು ಕೆಪಾಸಿಟರ್ ಬದಲಿಸುವುದರಿಂದ ಆಗುವ ಬದಲಾವಣೆಯೇ ದೊಡ್ಡದು.

ಹಾರ್ಡ್ ಕ್ಲಿಪ್ಪಿಂಗ್‌ನಲ್ಲಿ ಇನ್ನೊಂದು ತೊಂದರೆ, ಮೇಲಿನ ಸ್ವರಗಳು ಚಿರ್ ಅನ್ನುವುದು. ಡಯೋಡ್‌ಗಳಿಗೆ ಅಡ್ಡಲಾಗಿ 0.001ರಿಂದ 0.0047 ಮೈಕ್ರೋಫ್ಯಾರಡ್‌ವರೆಗಿನ ಕೆಪಾಸಿಟರ್ ಹಾಕಿದರೆ ತಗ್ಗುತ್ತದೆ.

## ಬೆಸುಗೆಗೆ ಮುಂಚೆ

ಎಲ್ಲ ಪೆಡಲ್‌ಗೂ ಇದು ಆಗುವುದಿಲ್ಲ. ಡಿಜಿಟಲ್ ಡಿಲೇ, ರಿವರ್ಬ್ ತಂಟೆಗೆ ಹೋಗಬೇಡಿ. ಅಕ್ಕಿಕಾಳಿಗಿಂತ ಚಿಕ್ಕ ಬಿಡಿಭಾಗಗಳನ್ನು ಬೋರ್ಡಿನ ಮೇಲೇ ಅಂಟಿಸಿದ ಪೆಡಲ್ ಹೊಸಬರಿಗೆ ಕಷ್ಟ. ಕಾಲುಗಳು ತೂತಿನ ಮೂಲಕ ಹಾದುಹೋಗಿರುವ ಹಳೆ ಶೈಲಿಯ ಅನಲಾಗ್ ಬೂಸ್ಟ್ ಒಳ್ಳೆಯದು. ವಾರಂಟಿ ಇದ್ದರೆ ಅದು ಹೋಯಿತು ಅಂದುಕೊಳ್ಳಿ. ಬ್ಯಾಟರಿ ಮತ್ತು ಅಡಾಪ್ಟರ್ ತೆಗೆದೇ ಶುರುಮಾಡಿ, ಬೋರ್ಡಿನ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ.

9 ವೋಲ್ಟ್ ಪೆಡಲ್ ಶಾಕ್ ಹೊಡೆಯುವುದಿಲ್ಲ. ಆದರೆ ಇದೇ ಧೈರ್ಯದಲ್ಲಿ ವಾಲ್ವ್ ಆಂಪ್ಲಿಫೈಯರ್ ಬಿಚ್ಚಲು ಹೋಗಬಾರದು. ಅದರೊಳಗೆ ನೂರಾರು ವೋಲ್ಟ್ ಇರುತ್ತದೆ, ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ.

ಈಗ ಜಾಗ ಹುಡುಕಬೇಕು. ಚಿಪ್ಪಿನ ಕಚ್ಚು ಮೇಲಕ್ಕೆ ಬರುವಂತೆ ಹಿಡಿದರೆ ಎಡಗಡೆ ಮೇಲಿನದು 1ನೇ ಕಾಲು. ಅಲ್ಲಿಂದ ಕೆಳಗಿಳಿದು, ಬಲಗಡೆಯಲ್ಲಿ ಕೆಳಗಿನಿಂದ ಮೇಲಕ್ಕೆ ಎಣಿಸುತ್ತಾ ಹೋಗಿ. ಟಿಎಲ್071ನಂಥ ಒಂಟಿ ಆಪ್-ಆಂಪ್ ಆದರೆ 2 ಮೈನಸ್, 3 ಪ್ಲಸ್, 6 ಔಟ್‌ಪುಟ್. 4558ನಂಥ ಜೋಡಿ ಆಪ್-ಆಂಪ್ ಆದರೆ 1 ಮತ್ತು 7 ಔಟ್‌ಪುಟ್, 2 ಮತ್ತು 6 ಮೈನಸ್. ಮಲ್ಟಿಮೀಟರನ್ನು ಬೀಪ್ ಅನ್ನುವ ಸ್ಥಾನಕ್ಕೆ ಇಟ್ಟು, ಔಟ್‌ಪುಟ್ ಕಾಲು ಮತ್ತು ಅದರ ಮೈನಸ್ ಕಾಲು ಬೋರ್ಡಿನಲ್ಲಿ ಎಲ್ಲೆಲ್ಲಿ ಹೋಗಿವೆ ನೋಡಿ. ಡಯೋಡ್ ಬೀಳಬೇಕಾದದ್ದು ಆ ಎರಡರ ನಡುವೆ.

ಎರಡು 1ಎನ್4148 ಡಯೋಡ್ ತೆಗೆದುಕೊಳ್ಳಿ. ಕಿತ್ತಳೆ ಬಣ್ಣದ ಗಾಜಿನ ಪುಟ್ಟ ಕೊಳವೆ, ಒಂದು ತುದಿಗೆ ಕಪ್ಪು ಪಟ್ಟಿ. ಒಂದರ ಪಟ್ಟಿ ಎಡಕ್ಕೆ, ಇನ್ನೊಂದರ ಪಟ್ಟಿ ಬಲಕ್ಕೆ ಬರುವಂತೆ ಪಕ್ಕಪಕ್ಕ ಇಟ್ಟು ಎರಡೂ ಕಡೆ ಕಾಲುಗಳನ್ನು ಸೇರಿಸಿ ತಿರುಚಿ, ಬೆಸುಗೆ ಹಾಕಿ. ಈಗ ಅದು ಎರಡು ಕಾಲಿನ ಒಂದೇ ಭಾಗದಂತಾಯಿತು. ಯಾವ ಕಡೆ ತಿರುಗಿಸಿ ಹಾಕಿದರೂ ನಡೆಯುತ್ತದೆ. ಜರ್ಮೇನಿಯಂ ಆದರೆ ಬಿಸಿ ತಡೆಯುವುದಿಲ್ಲ, ಕಾಲನ್ನು ಇಕ್ಕಳದಲ್ಲಿ ಹಿಡಿದುಕೊಂಡೇ ಬೆಸುಗೆ ಹಾಕಬೇಕು.

## ಸ್ವಿಚ್ ಮತ್ತು ವಾಲ್ಯೂಮ್

ಹಳೆಯ ಸ್ವಚ್ಛ ಸದ್ದೂ ಬೇಕು ಅನ್ನುವವರು ನಡುವೆ ಆಫ್ ಇರುವ ಮೂರು ಸ್ಥಾನದ ಟಾಗಲ್ ಸ್ವಿಚ್ ಹಾಕುತ್ತಾರೆ. ನಡುವಿನ ಕಾಲು ಆಪ್-ಆಂಪ್ ಔಟ್‌ಪುಟ್ಟಿಗೆ. ಒಂದು ಬದಿಯ ಕಾಲಿಗೆ ಸಿಲಿಕಾನ್ ಜೋಡಿ, ಇನ್ನೊಂದಕ್ಕೆ ಕೆಂಪು ಎಲ್‌ಇಡಿ ಜೋಡಿ. ಎರಡೂ ಜೋಡಿಗಳ ಮತ್ತೊಂದು ತುದಿ ಮೈನಸ್ ಕಾಲಿಗೆ. ನಡುವೆ ನಿಲ್ಲಿಸಿದರೆ ಡಯೋಡೇ ಇಲ್ಲ. ತಂತಿಗಳನ್ನು ಆದಷ್ಟು ಗಿಡ್ಡ ಇಡಿ, ಉದ್ದವಾದರೆ ಗುಂಯ್ ಸದ್ದು ಎಳೆದುಕೊಳ್ಳುತ್ತವೆ. ಎಲ್‌ಇಡಿ ಮಿನುಗದಿದ್ದರೆ ಕೆಟ್ಟಿದೆ ಅಂದುಕೊಳ್ಳಬೇಡಿ. ಅಲ್ಲಿ ಹರಿಯುವ ಕರೆಂಟ್ ಅಷ್ಟು ಕಡಿಮೆ.

ಹೋಲಿಸುವಾಗ ಕಿವಿ ಮೋಸ ಮಾಡುತ್ತದೆ. 0.6 ಮತ್ತು 1.7 ವೋಲ್ಟ್ ನಡುವೆ ಸುಮಾರು 9 ಡೆಸಿಬೆಲ್ ವ್ಯತ್ಯಾಸ ಇದೆ. ಎಲ್‌ಇಡಿ ಕಡೆಗೆ ಸ್ವಿಚ್ ತಿರುಗಿಸಿದ ಕೂಡಲೇ ಸದ್ದು ದೊಡ್ಡದಾಗುತ್ತದೆ, ದೊಡ್ಡದು ಅಂದಮೇಲೆ ಚೆನ್ನಾಗೇ ಕೇಳುತ್ತದೆ ಅಲ್ವಾ? ವಾಲ್ಯೂಮ್ ಸಮ ಮಾಡಿಕೊಂಡು ಮತ್ತೆ ಕೇಳಿ. ಜರ್ಮೇನಿಯಂ ಡಯೋಡಿನ ಸದ್ದೇ ಬೇರೆ ಅನ್ನುವ ಅರ್ಧ ಕಥೆಗಳು ಅಲ್ಲೇ ಮುಗಿಯುತ್ತವೆ.

ಒಂದೇ ನಾಬ್ ಇರುವ ಬೂಸ್ಟ್ ಆದರೆ ಆ ನಾಬ್ ಇನ್ನು ಒರಟುತನ ಎಷ್ಟು ಅನ್ನುವುದನ್ನು ತೀರ್ಮಾನಿಸುತ್ತದೆ. ಸದ್ದು ಕಡಿಮೆ ಮಾಡಲು ಏನೂ ಉಳಿಯುವುದಿಲ್ಲ. ಔಟ್‌ಪುಟ್ ಕೆಪಾಸಿಟರ್ ಆದಮೇಲೆ 100 ಕಿಲೋಓಮ್‌ನ ಒಂದು ವಾಲ್ಯೂಮ್ ಪಾಟ್ (ನಾಬ್ ತಿರುಗಿಸಿ ಬದಲಿಸುವ ರೆಸಿಸ್ಟರ್) ಸೇರಿಸಿ. ಒಂದು ಬದಿಯ ಕಾಲು ಸಿಗ್ನಲ್‌ಗೆ, ನಡುವಿನದು ಔಟ್‌ಪುಟ್ ದಾರಿಗೆ, ಇನ್ನೊಂದು ಬದಿ ಗ್ರೌಂಡ್‌ಗೆ.

## ಕೆಲಸ ಮಾಡದಿದ್ದರೆ

ಏನೂ ವ್ಯತ್ಯಾಸ ಇಲ್ಲ ಅನಿಸಿದರೆ ಮೊದಲು ಗೇನ್ ಏರಿಸಿ ನೋಡಿ. ಆಮೇಲೆ ಮಲ್ಟಿಮೀಟರಿನ ಡಯೋಡ್ ಸ್ಥಾನದಲ್ಲಿ ಜೋಡಿಯನ್ನು ಅಳೆಯಿರಿ, ಬೋರ್ಡಿನಿಂದ ಒಂದು ಕಾಲು ಬಿಡಿಸಿಕೊಂಡು. ಸಿಲಿಕಾನ್ ಜೋಡಿ ಎರಡೂ ದಿಕ್ಕಿಗೆ 0.6ರ ಹತ್ತಿರ ತೋರಿಸಬೇಕು. ಒಂದೇ ದಿಕ್ಕಿಗೆ ತೋರಿಸಿದರೆ ಎರಡೂ ಪಟ್ಟಿ ಒಂದೇ ಕಡೆ ಬಂದಿವೆ, ಇಲ್ಲವೇ ಒಂದು ಬೆಸುಗೆ ಹಿಡಿದಿಲ್ಲ. ಸೊನ್ನೆ ತೋರಿಸಿದರೆ ಎಲ್ಲೋ ಶಾರ್ಟ್ ಆಗಿದೆ. ಹಾರ್ಡ್ ಕ್ಲಿಪ್ಪಿಂಗ್ ಹಾಕಿ ಸದ್ದೇ ನಿಂತಿದ್ದರೆ ಕೆಪಾಸಿಟರಿನ ಯಾವ ಕಡೆ ಇದ್ದೀರಿ ಅಂತ ನೋಡಿ.

ಮುಚ್ಚಳ ತೆರೆದಾಗ ಚೆನ್ನಾಗಿ ನುಡಿದು, ಸ್ಕ್ರೂ ಬಿಗಿದ ಮೇಲೆ ಮೂಕವಾದರೆ ಡಯೋಡಿನ ಉದ್ದ ಕಾಲು ಮುಚ್ಚಳಕ್ಕೆ ತಾಗುತ್ತಿದೆ ಅಂತ ಅರ್ಥ. ಲೋಹದ ಆ ಡಬ್ಬಿ ಪೂರ್ತಿ ಗ್ರೌಂಡ್. ಕಾಲು ಗಿಡ್ಡ ಮಾಡಿ, ಮೇಲೊಂದು ಪ್ಲಾಸ್ಟಿಕ್ ತೋಳು ಹಾಕಿ ಮತ್ತೆ ಮುಚ್ಚಿ.